ಒತ್ತಬೇಕೆನಿಸಿದಾಗ ನಿಲ್ಲಿಸಿ: ಮನೆಯಲ್ಲಿ ಡ್ರಿಲ್ ಮಷಿನ್ ಬಳಸುವ, ಕಾಪಾಡುವ ಕ್ರಮ

ಪರದೆಯ ಕಂಬಿ ಕೂರಿಸಲು ಬೇಕಾದ ನಾಲ್ಕು ತೂತುಗಳಿಗಾಗಿ ‘ನಾಳೆ ಬರ್ತೀನಿ ಸಾರ್’ ಎಂದ ಕೆಲಸಗಾರರನ್ನು ಮೂರು ವಾರ ಕಾದವರು ಕೊನೆಗೊಂದು ದಿನ ತಾವೇ ಡ್ರಿಲ್ ಮಷಿನ್ ಕೊಂಡು ತರುತ್ತಾರೆ. ನಾನೂ ಹಾಗೆಯೇ ತಂದವನು. ತಂದ ಮೊದಲ ಭಾನುವಾರವೇ ಅಡುಗೆಮನೆಯ ಗೋಡೆಯೊಳಗಿನ ನೀರಿನ ಪೈಪಿಗೆ ತೂತು ಹೊಡೆದು, ತೂತಿನ ಬಾಯಿಗೆ ಹೆಬ್ಬೆರಳು ಒತ್ತಿ ನಿಂತು, ಮಹಡಿಯ ಮೇಲಿನ ಟ್ಯಾಂಕಿನ ವಾಲ್ವ್ ಮುಚ್ಚುವಂತೆ ಮನೆಯವರನ್ನು ಕೂಗಿ ಕರೆದಿದ್ದೆ. ಅಂದು ಬಿಟ್, ಅಂದರೆ ಯಂತ್ರದ ತುದಿಯ ಕೊರೆಯುವ ಸುರುಳಿ, ಸ್ವಲ್ಪ ಹೊತ್ತು ಮುಂದೆ ಹೋಗದೆ ನಿಂತಿತ್ತು. ನಾನು ಏನಾಗಿದೆಯೆಂದು ನೋಡುವ ಬದಲು ಮೈಭಾರ ಹಾಕಿ ಒತ್ತಿದ್ದೆ. ಆಮೇಲಿನ ವರ್ಷಗಳಲ್ಲಿ ಕೈಗೆ ಹತ್ತಿದ ಅಭ್ಯಾಸಗಳೆಲ್ಲ ಆ ಒಂದು ತಪ್ಪಿನ ಸುತ್ತಲೇ ಬೆಳೆದವು.

ಬಿಟ್ ಸರಿಯಾಗಿದ್ದು, ವೇಗ ಹೊಂದಿಕೊಂಡು, ಜಾಗವೂ ಸರಿಯಿದ್ದರೆ ಯಂತ್ರವು ಕೈಯ ಸ್ಥಿರವಾದ ಒತ್ತಿಗೇ ಒಳಗೆ ಸಾಗುತ್ತದೆ. ಅದಕ್ಕಿಂತ ಹೆಚ್ಚು ಬಲ ಬೇಕೆನಿಸಿದರೆ ಬಿಟ್ ಮೊಂಡಾಗಿರಬಹುದು, ಎದುರಿಗೆ ಕಬ್ಬಿಣದ ಸರಳು ಸಿಕ್ಕಿರಬಹುದು, ಯಂತ್ರ ಹಿಂದುಹಿಂದಾಗಿ ತಿರುಗುತ್ತಿರಬಹುದು ಅಥವಾ ಆ ಗೋಡೆಗೆ ಆ ಯಂತ್ರವೇ ತಕ್ಕದ್ದಲ್ಲದಿರಬಹುದು. ಆದ್ದರಿಂದ ಒತ್ತಬೇಕೆನಿಸಿದ ಕ್ಷಣದಲ್ಲಿ ಗುಂಡಿಯಿಂದ ಬೆರಳು ತೆಗೆದು ಕಾರಣ ಹುಡುಕುವುದು ಈ ಕೆಲಸದ ಮೊದಲ ನಿಯಮ.

ಯಾವ ಯಂತ್ರ, ಯಾವ ಬಿಟ್

ಮನೆಬಳಕೆಗೆ ಅಂಗಡಿಯವರು ಸಾಮಾನ್ಯವಾಗಿ ಕೊಡುವುದು 500ರಿಂದ 700 ವ್ಯಾಟ್‌ನ, 13 ಮಿ.ಮೀ. ಚಕ್ (ಬಿಟ್ಟನ್ನು ಕಚ್ಚಿ ಹಿಡಿಯುವ ಬಾಯಿ) ಇರುವ ಇಂಪ್ಯಾಕ್ಟ್ ಡ್ರಿಲ್. ಅದರ ಮೇಲ್ಭಾಗದಲ್ಲಿರುವ ಗುಬಟವೊಂದನ್ನು ಸುತ್ತಿಗೆಯ ಚಿತ್ರದ ಕಡೆಗೆ ತಿರುಗಿಸಿದರೆ ಬಿಟ್ ಸುತ್ತುವುದರ ಜೊತೆಗೆ ಮುಂದಕ್ಕೆ ಕುಟ್ಟುತ್ತದೆ. ಬರಿಯ ಬಿಟ್‌ನ ಚಿತ್ರದ ಕಡೆಗೆ ತಿರುಗಿಸಿದರೆ ಸುತ್ತುವುದಷ್ಟೇ. ಈ ಕುಟ್ಟುವಿಕೆ ಹುಟ್ಟುವುದು ಹಲ್ಲುಗಳಿರುವ ಎರಡು ಲೋಹದ ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ಜಿಗಿಯುವುದರಿಂದ, ಹಾಗಾಗಿ ಅದರ ಪೆಟ್ಟು ಚುರುಕಾದರೂ ಹಗುರ. ಇಟ್ಟಿಗೆ ಮತ್ತು ಸಿಮೆಂಟ್ ಬ್ಲಾಕಿಗೆ ಅದು ಧಾರಾಳವಾಗಿ ಸಾಕು. ಕಾಂಕ್ರೀಟಿನ ಚಾವಣಿಗೋ ತೊಲೆಗೋ ಹತ್ತಾರು ತೂತು ಹೊಡೆಯಬೇಕಿದ್ದರೆ ಬೇಕಾಗುವುದು ರೋಟರಿ ಹ್ಯಾಮರ್. ಅದರೊಳಗೆ ಗಾಳಿಯ ಒತ್ತಡದಿಂದ ಓಡಾಡುವ ಕೊಂತವೊಂದು (ಪಿಸ್ಟನ್) ಬಿಟ್‌ನ ಹಿಂಬದಿಗೆ ಬಲವಾಗಿ ಹೊಡೆಯುವುದರಿಂದ ಹಿಡಿದವರು ಒತ್ತುವ ಅಗತ್ಯವೇ ಬಹಳ ಕಡಿಮೆ. ವರ್ಷಕ್ಕೊಮ್ಮೆ ಬರುವ ಇಂಥ ಕೆಲಸಕ್ಕಾಗಿ ಅದನ್ನು ಕೊಳ್ಳಬೇಕಿಲ್ಲ, ದಿನದ ಬಾಡಿಗೆಗೆ ತಂದರಾಯಿತು. ಚಿಕ್ಕ ಯಂತ್ರದಿಂದ ಒಂದೇ ತೂತಿಗೆ ಕಾಲು ಗಂಟೆ ಹೆಣಗಿ ಮೋಟರ್ ಸುಡುವುದಕ್ಕಿಂತ ಅದು ಅಗ್ಗ.

ಬಿಟ್‌ಗಳ ವಿಷಯದಲ್ಲಿ ಕೊಳ್ಳುವವರು ಎಡವುವುದೇ ಹೆಚ್ಚು, ಏಕೆಂದರೆ ದೂರದಿಂದ ನೋಡಿದರೆ ಎಲ್ಲವೂ ಒಂದೇ ಬಗೆಯ ಸುರುಳಿಗಳು. ಗೋಡೆಯ ಬಿಟ್‌ನ ತುದಿಗೆ ಟಂಗ್‌ಸ್ಟನ್ ಕಾರ್ಬೈಡಿನ ಪುಟ್ಟ ಬಿಲ್ಲೆಯೊಂದನ್ನು ಬೆಸೆದಿರುತ್ತಾರೆ, ಅದು ಸುರುಳಿಗಿಂತ ಸ್ವಲ್ಪ ಅಗಲವಾಗಿ ಹೊರಚಾಚಿರುತ್ತದೆ. ಲೋಹದ ಬಿಟ್ ತುದಿಯವರೆಗೂ ಒಂದೇ ಉಕ್ಕಿನದು. ಅದನ್ನು ಎಚ್‌ಎಸ್‌ಎಸ್ ಎಂದು ಕೇಳಿ ಪಡೆಯಬೇಕು. ಮರದ ಬಿಟ್‌ಗೆ ನಟ್ಟನಡುವೆ ಚೂಪಾದ ಮುಳ್ಳಿನಂಥ ಮೊನೆ ಇರುತ್ತದೆ. ಲೋಹದ ಬಿಟ್ ಮರವನ್ನು ಕೊರೆದೀತು. ಆದರೆ ಗೋಡೆಗೆ ಹಾಕಿದರೆ ಅದರ ಅಂಚು ಅರೆ ನಿಮಿಷದಲ್ಲಿ ಸವೆದು ಬಿಸಿಗೆ ನೀಲಿ ತಿರುಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲಾಗಲಿ ನೂರು ತುಂಡುಗಳ ಅಗ್ಗದ ಸೆಟ್ಟಿಗೆ ಮಾರುಹೋಗುವ ಬದಲು 6 ಮತ್ತು 8 ಮಿ.ಮೀ.ನ ಎರಡು ಒಳ್ಳೆಯ ಗೋಡೆಯ ಬಿಟ್, 3ರಿಂದ 8 ಮಿ.ಮೀ.ವರೆಗಿನ ನಾಲ್ಕೈದು ಲೋಹದ ಬಿಟ್ ಕೊಂಡರೆ ಮನೆಯ ಮುಕ್ಕಾಲು ಪಾಲು ಕೆಲಸ ಅದರಲ್ಲೇ ಮುಗಿಯುತ್ತದೆ.

ಗೋಡೆಯೊಳಗೆ ಏನಿದೆ

ಕೊರೆಯುವ ಮುನ್ನ ಗೋಡೆಯನ್ನು ಓದಬೇಕು. ನಮ್ಮ ಮನೆಗಳಲ್ಲಿ ವೈರಿಂಗ್ ಪೈಪು ಸಾಮಾನ್ಯವಾಗಿ ಚಾವಣಿಯ ಕಾಂಕ್ರೀಟಿನಿಂದ ಇಳಿದು ನೇರವಾಗಿ ಸ್ವಿಚ್ ಬೋರ್ಡಿಗೆ ಬರುತ್ತದೆ. ಆದ್ದರಿಂದ ಪ್ರತಿ ಬೋರ್ಡಿನ ಮೇಲೂ ಕೆಳಗೂ, ಎರಡೂ ಪಕ್ಕಕ್ಕೆ ಅರ್ಧ ಅಡಿಯಷ್ಟು ಅಗಲದ ಪಟ್ಟಿಯನ್ನು ಮುಟ್ಟಬಾರದ ಜಾಗವೆಂದು ಬಗೆಯಬೇಕು. ಒಂದೇ ಗೋಡೆಯಲ್ಲಿ ಒಂದೇ ಮಟ್ಟಕ್ಕೆ ಎರಡು ಬೋರ್ಡುಗಳಿದ್ದರೆ ಅವುಗಳ ನಡುವೆ ಅಡ್ಡಲಾಗಿ ಪೈಪು ಹಾದಿರುವ ಸಾಧ್ಯತೆ ಹೆಚ್ಚು. ನಲ್ಲಿಯಿಂದ ಗೀಸರಿನವರೆಗಿನ ಜಾಗ, ಅಡುಗೆಮನೆಯ ಸಿಂಕಿನ ಹಿಂಬದಿ, ಶವರಿನ ಕೆಳಗಿನ ಭಾಗ ಇವೆಲ್ಲ ನೀರಿನ ಪೈಪಿನ ದಾರಿಗಳು. ಮಲಗುವ ಕೋಣೆಯ ಗೋಡೆ ಎಷ್ಟು ಅಮಾಯಕವಾಗಿ ಕಂಡರೂ ಅದರ ಆಚೆಬದಿಗೆ ಬಚ್ಚಲುಮನೆ ಇದೆಯೇ ಎಂದು ಒಮ್ಮೆ ಹೋಗಿ ನೋಡುವುದು ಒಳ್ಳೆಯದು. ಮನೆ ಕಟ್ಟಿಸುತ್ತಿರುವವರು ಗಾರೆ ಮೆತ್ತುವ ಮುನ್ನ ಪ್ರತಿ ಗೋಡೆಯ ಚಿತ್ರ ತೆಗೆದು ಇಟ್ಟುಕೊಂಡರೆ ಇಪ್ಪತ್ತು ವರ್ಷ ಊಹಿಸುವ ಕಷ್ಟ ತಪ್ಪುತ್ತದೆ.

ಅನುಮಾನವಿರುವ ಜಾಗದಲ್ಲಿ ಕೊರೆಯಲೇಬೇಕಾದರೆ ಆ ಭಾಗದ ಎಂಸಿಬಿಯನ್ನು (ಅಲ್ಲಿಗೆ ಹೋಗುವ ಕರೆಂಟನ್ನು ತಡೆಯುವ ಮೇನ್ ಬೋರ್ಡಿನ ಸ್ವಿಚ್ಚನ್ನು) ಕೆಳಗಿಳಿಸಬೇಕು. ಇಲ್ಲಿ ಬಹಳ ಜನ ಮರೆಯುವ ಸಂಗತಿಯೊಂದಿದೆ: ಯುಪಿಎಸ್ ಇರುವ ಮನೆಯಲ್ಲಿ ಮೇನ್ ಸ್ವಿಚ್ ಆರಿಸಿದರೂ ದೀಪ ಮತ್ತು ಫ್ಯಾನಿನ ತಂತಿಗಳಲ್ಲಿ ಬ್ಯಾಟರಿಯಿಂದ ಹೊರಟ 230 ವೋಲ್ಟ್ ಹರಿಯುತ್ತಲೇ ಇರುತ್ತದೆ. ಯುಪಿಎಸ್ಸನ್ನೂ ಆರಿಸಿ, ಆ ಗೋಡೆಯ ಸ್ವಿಚ್ಚುಗಳಲ್ಲಿ ಕರೆಂಟಿಲ್ಲವೆಂದು ಟೆಸ್ಟರಿನಿಂದ ನೋಡಿದ ಮೇಲೆಯೇ ಕೈ ಹಾಕಬೇಕು. ಡ್ರಿಲ್ ಓಡಿಸಲು ಬ್ಯಾಟರಿ ಯಂತ್ರವನ್ನೋ ಬೇರೆ ಎಂಸಿಬಿಗೆ ಸೇರಿದ ಪ್ಲಗ್ಗನ್ನೋ ಬಳಸಬೇಕು.

ಗೋಡೆ ಯಾವುದರಿಂದ ಕಟ್ಟಿದ್ದೆಂಬುದು ಮೊದಲ ಅರ್ಧ ಇಂಚಿನ ಗಾರೆ ದಾಟಿದೊಡನೆ ಬಿಟ್‌ನ ಸುರುಳಿಯಲ್ಲಿ ಬರುವ ಪುಡಿಯಿಂದ ತಿಳಿಯುತ್ತದೆ. ಕೆಂಪು ಪುಡಿ ಬಂದರೆ ಇಟ್ಟಿಗೆ, ಬೂದು ಬಣ್ಣದ ಒರಟು ಪುಡಿ ಬಂದರೆ ಸಿಮೆಂಟ್ ಬ್ಲಾಕ್, ಬಿಳಿಯ ಹಗುರ ಪುಡಿ ಬಂದರೆ ಎಎಸಿ ಬ್ಲಾಕ್, ಅಂದರೆ ಒಳಗೆ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್ ಬ್ಲಾಕ್. ಪುಡಿ ಬಹಳ ನಯವಾಗಿದ್ದು ಬಿಟ್ ನಿಧಾನಿಸಿದರೆ ಅದು ಕಂಬ ಅಥವಾ ತೊಲೆಯ ಕಾಂಕ್ರೀಟ್. ಎಎಸಿ ಬ್ಲಾಕಿಗೆ ಕುಟ್ಟುವಿಕೆ ಬೇಡ. ಬರಿಯ ಸುತ್ತಿನಲ್ಲೇ ಬೆಣ್ಣೆಯಂತೆ ಕೊರೆದುಹೋಗುತ್ತದೆ, ಕುಟ್ಟಿದರೆ ತೂತು ಅಗಲವಾಗಿ, ಸ್ಕ್ರೂ ಹಿಡಿಯಲೆಂದು ಅದರೊಳಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ ಸಡಿಲಾಗುತ್ತದೆ. ಕರಾವಳಿಯ ಮುರಕಲ್ಲಿನ ಗೋಡೆಗೂ ಬಹುಪಾಲು ಇದೇ ಮಾತು: ಆ ಕಲ್ಲಿನೊಳಗೆ ಸಹಜವಾದ ಪೊಳ್ಳುಗಳಿರುವುದರಿಂದ ಕುಟ್ಟಿದರೆ ಅಂಚು ಉದುರುತ್ತದೆ, ಒಂದು ಅಳತೆ ಚಿಕ್ಕ ಬಿಟ್‌ನಿಂದ ಕೊರೆದು ಉದ್ದನೆಯ ಪ್ಲಗ್ ಹಾಕಿದರೆ ಹಿಡಿತ ಸಿಗುತ್ತದೆ. ಹಳ್ಳಿಯ ಹಳೆಯ ಮಣ್ಣಿನ ಗೋಡೆಗಳಿಗೆ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದೇ ಇಲ್ಲ. ನಮ್ಮ ಅಜ್ಜಂದಿರು ಹೊಡೆಯುತ್ತಿದ್ದ ಮರದ ಗೂಟವೇ ಅಲ್ಲಿಗೆ ಸರಿ.

ಕಂಬ, ತೊಲೆ, ಚಾವಣಿಗಳಲ್ಲಿ ಕಬ್ಬಿಣದ ಮೇಲೆ ಇಂತಿಷ್ಟು ಕಾಂಕ್ರೀಟ್ ಹೊದಿಕೆ ಇರಬೇಕೆಂದು ಐಎಸ್ 456 ಎಂಬ ಭಾರತೀಯ ಮಾನಕ ಹೇಳುತ್ತದೆ. ಕಂಬಕ್ಕೆ ಅದು ಸಾಮಾನ್ಯವಾಗಿ 40 ಮಿ.ಮೀ., ಚಾವಣಿಗೆ 20 ಮಿ.ಮೀ.ನಿಂದ ಶುರು. ಬಿಟ್ ತಟ್ಟನೆ ನಿಂತು, ಸದ್ದು ಲೋಹದ ಕಿರುಚಾಟಕ್ಕೆ ತಿರುಗಿದರೆ ಸರಳು ಸಿಕ್ಕಿತೆಂದೇ ಅರ್ಥ. ಅದನ್ನು ಕಡಿದು ಮುಂದೆ ಹೋಗುವುದು ಕಟ್ಟಡಕ್ಕೆ ಮಾಡುವ ಅಪಚಾರ. ಒಂದೆರಡು ಇಂಚು ಪಕ್ಕಕ್ಕೆ ಸರಿದು ಬೇರೆ ತೂತು ಹಾಕಿ, ಹಳೆಯದನ್ನು ಸಿಮೆಂಟಿನಿಂದ ಮುಚ್ಚಿ. ಕೆಲವು ದೊಡ್ಡ ಅಪಾರ್ಟ್‌ಮೆಂಟುಗಳ ಚಾವಣಿಯೊಳಗೆ ಬಿಗಿಯಾಗಿ ಎಳೆದು ಕಟ್ಟಿದ ಉಕ್ಕಿನ ಹುರಿಗಳಿರುತ್ತವೆ. ಅಂಥ ಚಾವಣಿಯನ್ನು ಕಟ್ಟಡದ ಎಂಜಿನಿಯರ್ ಒಪ್ಪದೆ ಕೊರೆಯಲೇಬಾರದು, ಏಕೆಂದರೆ ತುಂಡಾದ ಹುರಿ ಕಾಂಕ್ರೀಟನ್ನು ಸೀಳಿಕೊಂಡು ಹೊರಬರುವಷ್ಟು ಬಲವನ್ನು ಹಿಡಿದಿಟ್ಟುಕೊಂಡಿರುತ್ತದೆ.

ಕರೆಂಟಿನ ಎಚ್ಚರ

ಯಂತ್ರದ ಹೆಸರಿನ ಪಟ್ಟಿಯ ಮೇಲೆ ಚೌಕದೊಳಗೊಂದು ಚೌಕದ ಗುರುತಿದೆಯೇ ನೋಡಿ. ಇದ್ದರೆ ಅದು ಎರಡು ಪದರದ ನಿರೋಧನವಿರುವ ಯಂತ್ರ, ಅದರ ಪ್ಲಗ್ಗಿಗೆ ಎರಡೇ ಕಡ್ಡಿಗಳಿದ್ದರೆ ಅದು ಕೊರತೆಯಲ್ಲ. ಆ ಗುರುತಿಲ್ಲದ, ಲೋಹದ ಮೈಯ ಹಳೆಯ ಯಂತ್ರಕ್ಕೆ ಮೂರು ಕಡ್ಡಿಯ ಪ್ಲಗ್ ಮತ್ತು ಕೆಲಸ ಮಾಡುವ ಅರ್ಥಿಂಗ್ ಎರಡೂ ಕಡ್ಡಾಯ. ಪ್ಲಗ್ಗನ್ನೇ ಕತ್ತರಿಸಿ ಬರಿಯ ತಂತಿಗಳನ್ನು ಸಾಕೆಟ್ಟಿನೊಳಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವ ಪದ್ಧತಿಯನ್ನು ಕಟ್ಟಡದ ಕೆಲಸಗಳಲ್ಲಿ ಇಂದಿಗೂ ಕಾಣುತ್ತೇವೆ. ನಿಮ್ಮ ಮನೆಯಲ್ಲಿ ಯಾರೇ ಹಾಗೆ ಮಾಡಹೊರಟರೂ ಸಂಕೋಚವಿಲ್ಲದೆ ತಡೆಯಿರಿ.

ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರುವುದು ಇಂಥ ಕೆಲಸಕ್ಕೆ ಸಿಗುವ ದೊಡ್ಡ ರಕ್ಷಣೆ. ಮಿತಿಮೀರಿದ ಹೊರೆಯನ್ನೋ ಶಾರ್ಟನ್ನೋ ಕಂಡರೆ ಎಂಸಿಬಿ ಬೀಳುತ್ತದೆ. ಆದರೆ ಮನುಷ್ಯನ ಮೈಯ ಮೂಲಕ ನೆಲಕ್ಕೆ ಸೋರುವ ಅಲ್ಪ ಕರೆಂಟು ಅದರ ಲೆಕ್ಕಕ್ಕೇ ಬರುವುದಿಲ್ಲ, ಅದನ್ನು ಹಿಡಿಯುವುದು ಆರ್‌ಸಿಸಿಬಿ ಮಾತ್ರ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಒತ್ತಿದಾಗ ತಕ್ಷಣ ಬೀಳದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಡ್ರಿಲ್ಲನ್ನು ಅಂದು ಪೆಟ್ಟಿಗೆಯಲ್ಲೇ ಬಿಡಿ.

600 ವ್ಯಾಟಿನ ಡ್ರಿಲ್ ತುಂಬು ಹೊರೆಯಲ್ಲಿ ಎಳೆಯುವುದು ಸುಮಾರು 2.6 ಆಂಪಿಯರ್ ಮಾತ್ರವಾದ್ದರಿಂದ 6 ಆಂಪಿಯರಿನ ಸಾಕೆಟ್ ಸಾಕಾಗುತ್ತದೆ. ತೊಂದರೆ ಹುಟ್ಟುವುದು ಎಕ್ಸ್‌ಟೆನ್ಷನ್ ವೈರಿನಿಂದ. ಮೊಬೈಲ್ ಚಾರ್ಜರಿಗೆಂದು ಮಾಡಿದ ತೆಳು ವೈರಿನಲ್ಲಿ ವೋಲ್ಟೇಜ್ ಕುಸಿದು ಮೋಟರ್ ಮುಕ್ಕರಿಯುತ್ತದೆ, ವೈರೂ ಬಿಸಿಯಾಗುತ್ತದೆ. 1.5 ಚದರ ಮಿ.ಮೀ.ನ ಮೂರು ಎಳೆಯ ವೈರ್ ತೆಗೆದುಕೊಳ್ಳಿ. ಅದು ರಾಟೆಗೆ ಸುತ್ತಿದ್ದರೆ ಎರಡೇ ಮೀಟರ್ ಬೇಕಿದ್ದರೂ ಪೂರ್ತಿ ಬಿಚ್ಚಿ, ಏಕೆಂದರೆ ಸುರುಳಿಯಾಗಿರುವ ವೈರಿನ ಬಿಸಿ ಹೊರಹೋಗಲಾರದೆ ಅದರ ಪ್ಲಾಸ್ಟಿಕ್ ಹೊದಿಕೆ ಕರಗುತ್ತದೆ.

ಸ್ವಿಚ್ಚನ್ನು ಒತ್ತಿದ ಸ್ಥಿತಿಯಲ್ಲೇ ನಿಲ್ಲಿಸುವ ಚಿಕ್ಕ ಲಾಕ್ ಗುಂಡಿಯೊಂದು ಹಿಡಿಕೆಯ ಪಕ್ಕದಲ್ಲಿರುತ್ತದೆ. ಕೈಯಲ್ಲಿ ಹಿಡಿದು ಕೊರೆಯುವಾಗ ಅದನ್ನು ಬಳಸುವ ಕಾರಣವೇ ಇಲ್ಲ. ನಮ್ಮಲ್ಲಿ ಕೆಲಸದ ನಡುವೆ ಕರೆಂಟು ಹೋಗುವುದು ಹೊಸದಲ್ಲ. ಗುಂಡಿ ಲಾಕ್ ಆಗಿಯೇ ಇರುವ ಯಂತ್ರವನ್ನು ಮೇಜಿನ ಮೇಲಿಟ್ಟು ಕಾಫಿ ಕುಡಿಯಲು ಹೋದರೆ, ಕರೆಂಟು ಬಂದ ಕ್ಷಣ ಅದು ತಾನಾಗಿ ಎದ್ದು ಕುಣಿಯುತ್ತದೆ. ಕರೆಂಟು ಹೋದೊಡನೆ ಪ್ಲಗ್ ಕೀಳಬೇಕು, ಮತ್ತೆ ಸಿಕ್ಕಿಸುವ ಮುನ್ನ ಲಾಕ್ ಬಿಟ್ಟಿದೆಯೇ ಎಂದು ಒಮ್ಮೆ ಸ್ವಿಚ್ ಒತ್ತಿ ಬಿಟ್ಟು ನೋಡಬೇಕು.

ಮೈಮೇಲೆ ಏನಿರಬೇಕು, ಏನಿರಬಾರದು

ಡ್ರಿಲ್ ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಐವತ್ತು. ಚಕ್ಕಿಗೆ ಬಟ್ಟೆಯ ತುದಿ ಸಿಕ್ಕಿದರೆ ‘ಅಯ್ಯೋ’ ಎನ್ನುವಷ್ಟರಲ್ಲಿ ಒಂದು ಗಜ ಬಟ್ಟೆ ಸುತ್ತಿಕೊಂಡಿರುತ್ತದೆ. ಆದ್ದರಿಂದ ಸೀರೆಯ ಸೆರಗು, ಚೂಡಿದಾರದ ವೇಲ್, ಹೆಗಲ ಮೇಲಿನ ಟವೆಲ್, ಇಳಿಬಿದ್ದ ಸರ, ಕೈಯ ದಾರ, ಬಿಚ್ಚಿದ ಕೂದಲು ಇವು ಯಾವುವೂ ಯಂತ್ರದ ಬಳಿ ಸುಳಿಯಬಾರದು. ಮಾಂಗಲ್ಯದ ಸರವನ್ನು ರವಿಕೆಯೊಳಗೆ ಸೇರಿಸಿ, ಸೆರಗನ್ನು ಸೊಂಟಕ್ಕೆ ಬಿಗಿಯಬೇಕು. ಪಂಚೆಯುಟ್ಟು ಏಣಿ ಹತ್ತುವುದು ಡ್ರಿಲ್ ಇಲ್ಲದಿದ್ದರೂ ಅಪಾಯವೇ. ಅನೇಕರಿಗೆ ಅಚ್ಚರಿಯಾಗುವ ಮಾತೆಂದರೆ ಡ್ರಿಲ್ ಹಿಡಿಯುವಾಗ ಸಡಿಲವಾದ ಬಟ್ಟೆಯ ಕೈಗವಸೂ ಬೇಡ. ತಿರುಗುವ ಬಿಟ್ ಅದರ ಬೆರಳಿನ ತುದಿಯನ್ನು ಹಿಡಿದರೆ ಒಳಗಿನ ಬೆರಳನ್ನೂ ಜೊತೆಗೇ ತಿರುಚುತ್ತದೆ.

ಕಣ್ಣಿಗೆ ಪಕ್ಕವನ್ನೂ ಮುಚ್ಚುವ ಕನ್ನಡಕ ಬೇಕು. ಓದುವ ಕನ್ನಡಕ ಅದಕ್ಕೆ ಬದಲಿಯಲ್ಲ. ಧೂಳಿನ ವಿಷಯವನ್ನು ಜನ ತೀರ ಹಗುರವಾಗಿ ಕಾಣುತ್ತಾರೆ. ಕಾಂಕ್ರೀಟ್, ಗ್ರಾನೈಟ್, ಮರಳುಗಲ್ಲುಗಳಲ್ಲಿರುವ ಸಿಲಿಕಾ ನುಣ್ಣನೆಯ ಪುಡಿಯಾಗಿ ಶ್ವಾಸಕೋಶದ ಆಳಕ್ಕೆ ಇಳಿದು ವರ್ಷಗಳ ಮೇಲೆ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ ತರುತ್ತದೆ. ಒಂದೆರಡು ತೂತಿನಿಂದ ಅದು ಬಾರದು ನಿಜ, ಆದರೆ ಇದನ್ನೇ ಕಸುಬಾಗಿ ಮಾಡುವವರು ದಿನವೂ ಅದನ್ನು ಉಸಿರಾಡುತ್ತಾರೆ. ಮೂಗಿಗೆ ಕಟ್ಟಿದ ಕರವಸ್ತ್ರ ಕಣ್ಣಿಗೆ ಕಾಣುವ ಧೂಳನ್ನು ತಡೆದೀತು, ಕಾಣದ ಧೂಳನ್ನಲ್ಲ. ಎನ್95 ಮುಖಗವಸನ್ನು ಮುಖಕ್ಕೆ ಬಿಗಿಯಾಗಿ ಹಾಕಿಕೊಳ್ಳಬೇಕು. ನೀವು ಕರೆಸಿದ ಕೆಲಸಗಾರರಿಗೂ ಒಂದನ್ನು ಕೊಡಿ. ಕಾಂಕ್ರೀಟ್ ಕುಟ್ಟಿ ಕೊರೆಯುವ ಸದ್ದು ನೂರು ಡೆಸಿಬೆಲ್ಲಿನ ಆಸುಪಾಸಿನಲ್ಲಿರುತ್ತದೆ, ಹಾಗಾಗಿ ನಾಲ್ಕು ತೂತಿಗಿಂತ ಹೆಚ್ಚಿನ ಕೆಲಸವಿದ್ದರೆ ಕಿವಿಗೆ ಬಿರಡೆ ಹಾಕಿಕೊಳ್ಳಿ.

ಕೊರೆಯುವ ಕ್ರಮ

ಬಿಟ್ ಹಾಕುವಾಗ ಪ್ಲಗ್ ಸಾಕೆಟ್ಟಿನಲ್ಲಿರಬಾರದು. ಅನುಭವಿಗಳು ಚಕ್ ಕೀಲಿಯನ್ನು ಪ್ಲಗ್ಗಿನ ಬುಡಕ್ಕೇ ಕಟ್ಟಿಡುವುದು ಇದಕ್ಕಾಗಿಯೇ. ಕೀಲಿ ಬೇಕೆಂದರೆ ಪ್ಲಗ್ ಕೀಳಲೇಬೇಕಾಗುತ್ತದೆ. ಬಿಟ್‌ನ ನಯವಾದ ಕಾಂಡವನ್ನು ಚಕ್ಕಿನ ಆಳದವರೆಗೆ ಇಳಿಸಿ, ಮೂರು ದವಡೆಗಳ ನಟ್ಟನಡುವೆ ನಿಂತಿದೆಯೆಂದು ನೋಡಿ, ಕೀಲಿಯನ್ನು ಒಂದೇ ರಂಧ್ರದಲ್ಲಿ ತಿರುಗಿಸಿ ಬಿಡದೆ ಮೂರೂ ರಂಧ್ರಗಳಲ್ಲಿ ಸರದಿಯಂತೆ ಬಿಗಿಯಬೇಕು. ಆಮೇಲೆ ಕೀಲಿಯನ್ನು ತೆಗೆಯಬೇಕು. ಈ ಕೊನೆಯ ಮಾತನ್ನು ಬರೆಯಬೇಕೇ ಎನಿಸಬಹುದು, ಆದರೆ ಚಕ್ಕಿನಲ್ಲೇ ಮರೆತುಹೋದ ಕೀಲಿ ಸ್ವಿಚ್ ಒತ್ತಿದ ಕೂಡಲೇ ಕವಣೆಕಲ್ಲಿನಂತೆ ಹಾರುತ್ತದೆ.

ಪಕ್ಕದ ಹಿಡಿಕೆಯನ್ನು ಪೆಟ್ಟಿಗೆಯಲ್ಲೇ ಬಿಡುವವರು ಅದೇಕೆ ಇದೆಯೆಂದು ತಿಳಿಯುವುದು ಬಿಟ್ ಕಚ್ಚಿಕೊಂಡ ದಿನ. ಬಿಟ್ ನಿಂತಾಗ ಮೋಟರಿನ ಬಲವೆಲ್ಲ ಯಂತ್ರದ ಮೈಯನ್ನೇ ತಿರುಗಿಸಲು ಹೊರಡುತ್ತದೆ, ಒಂಟಿಗೈಯಲ್ಲಿ ಹಿಡಿದಿದ್ದರೆ ಮಣಿಕಟ್ಟು ತಿರುಚಿಹೋಗುತ್ತದೆ. ಹಿಡಿಕೆಗೆ ಆಳ ಅಳೆಯುವ ಕಡ್ಡಿಯೊಂದು ಬರುತ್ತದೆ. ಅದು ಕಳೆದಿದ್ದರೆ ಬಿಟ್‌ಗೆ ಬಣ್ಣದ ಟೇಪು ಸುತ್ತಿ ಗುರುತು ಮಾಡಿಕೊಳ್ಳಬಹುದು. ತೂತಿನ ಆಳ ಅದಕ್ಕೆ ಹಾಕುವ ಪ್ಲಾಸ್ಟಿಕ್ ಪ್ಲಗ್ಗಿನ ಉದ್ದಕ್ಕಿಂತ 5ರಿಂದ 10 ಮಿ.ಮೀ. ಹೆಚ್ಚಿರಬೇಕು. ಒಳಗೋಡೆಯ ಗಾರೆಯೇ 12ರಿಂದ 15 ಮಿ.ಮೀ. ದಪ್ಪವಿರುವುದರಿಂದ ಗಿಡ್ಡ ಪ್ಲಗ್ಗಿನ ಅರ್ಧಭಾಗ ಗಾರೆಯಲ್ಲೇ ಉಳಿಯುತ್ತದೆ. ಟಿವಿ, ಗೀಸರ್, ಪಾತ್ರೆಯ ಸ್ಟ್ಯಾಂಡಿನಂಥ ಭಾರದ ವಸ್ತುಗಳಿಗೆ ಪ್ಲಗ್ ಇಟ್ಟಿಗೆಯಲ್ಲೋ ಬ್ಲಾಕಿನಲ್ಲೋ ಪೂರ್ತಿ ಕೂರುವಷ್ಟು ಆಳ ಬೇಕು.

ಗುರುತಿನ ಜಾಗದಲ್ಲಿ ಮೊಳೆಯಿಂದ ಒಂದು ಚುಕ್ಕೆ ಕುಟ್ಟಿ, ಕುಟ್ಟುವಿಕೆ ಇಲ್ಲದೆ ನಿಧಾನವಾಗಿ ಶುರುಮಾಡಿ ಬಿಟ್‌ನ ತುದಿ ಮುಳುಗಿದ ಮೇಲೆ ಸುತ್ತಿಗೆಯ ಗುರುತಿಗೆ ಬದಲಿಸಿ. ಗುಬಟವನ್ನು ಯಂತ್ರ ನಿಂತಿರುವಾಗಲೇ ತಿರುಗಿಸಬೇಕು. ಓಡುವಾಗ ತಿರುಗಿಸಿದರೆ ಒಳಗಿನ ಹಲ್ಲು ಮುರಿಯುತ್ತದೆ. ಗೋಡೆಗೆ ಲಂಬವಾಗಿ ಹಿಡಿದು, ಹತ್ತು ಸೆಕೆಂಡಿಗೊಮ್ಮೆ ಬಿಟ್ಟನ್ನು ತಿರುಗುತ್ತಿರುವಂತೆಯೇ ಹೊರಗೆಳೆದರೆ ಪುಡಿ ಹೊರಬರುತ್ತದೆ. ಪುಡಿ ತುಂಬಿದ ತೂತಿನಲ್ಲಿ ಬಿಟ್ ಬಿಸಿಯಾಗಿ ಮುಂದೆ ಸಾಗದಾಗಲೇ ಒತ್ತುವ ಮನಸ್ಸಾಗುವುದು. ಕೊರೆದು ಮುಗಿದ ಮೇಲೆ ತೂತಿಗೆ ಬಾಯಿಂದ ಊದಬೇಡಿ, ಪುಡಿ ನೇರವಾಗಿ ಕಣ್ಣಿಗೇ ಬರುತ್ತದೆ. ಸೈಕಲ್ ಪಂಪಿನ ನಳಿಗೆ ಅಥವಾ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಚಾವಣಿಗೆ ಕೊರೆಯುವಾಗ ಪೇಪರ್ ಲೋಟವೊಂದರ ತಳಕ್ಕೆ ತೂತು ಮಾಡಿ, ಬಾಯಿ ಮೇಲ್ಮುಖವಾಗಿರುವಂತೆ ಬಿಟ್‌ಗೆ ಪೋಣಿಸಿಕೊಂಡರೆ ಮುಖದ ಮೇಲೆ ಬೀಳಬೇಕಾದ ಪುಡಿಯೆಲ್ಲ ಅದರಲ್ಲಿ ನಿಲ್ಲುತ್ತದೆ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸ್ಟೂಲಿಟ್ಟು ಹತ್ತುವುದನ್ನು ಬಿಟ್ಟು ಏಣಿ ತನ್ನಿ, ಅದನ್ನು ಹಿಡಿಯಲು ಒಬ್ಬರನ್ನು ನಿಲ್ಲಿಸಿ.

ಟೈಲ್ಸ್, ಲೋಹ, ಮರ

ಟೈಲ್ಸ್ ಒಡೆಯುವುದು ಕುಟ್ಟುವಿಕೆಯಿಂದ. ಕಾಗದದ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಗುರುತು ಮಾಡಿದರೆ ಬಿಟ್ ಜಾರುವುದಿಲ್ಲ. ಕುಟ್ಟುವಿಕೆ ನಿಲ್ಲಿಸಿ, ನಿಧಾನ ವೇಗದಲ್ಲಿ ಟೈಲ್ಸಿನ ಆಚೆ ಮುಟ್ಟಿದ ಮೇಲೆಯೇ ಗೋಡೆಗೆ ಬೇಕಾದಂತೆ ಬದಲಿಸಬೇಕು. ಸಾಮಾನ್ಯ ಸೆರಾಮಿಕ್ ಟೈಲ್ಸಿಗೆ ಈಟಿಯ ಮೊನೆಯಂಥ ಕಾರ್ಬೈಡ್ ಬಿಟ್ ಸಾಕು. ವಿಟ್ರಿಫೈಡ್ ಟೈಲ್ಸ್ ಅದಕ್ಕಿಂತ ಬಹಳ ಗಟ್ಟಿ; ಅದಕ್ಕೆ ವಜ್ರದ ಪುಡಿ ಲೇಪಿಸಿದ ಕೊಳವೆಯಂಥ ಬಿಟ್ ಬೇಕು, ಅದನ್ನು ನೀರು ಹನಿಸುತ್ತ ಬಳಸಬೇಕು. ನೀರು ಇರುವಲ್ಲಿ ವೈರಿನ ಡ್ರಿಲ್ ಬೇಡ, ಬ್ಯಾಟರಿಯದೇ ಇರಲಿ.

ಲೋಹ ಕೊರೆಯುವಾಗ ವೇಗ ಹೆಚ್ಚಿದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಸಾಮಾನ್ಯ ಕಬ್ಬಿಣಕ್ಕೆ 6 ಮಿ.ಮೀ. ಬಿಟ್ ನಿಮಿಷಕ್ಕೆ 1,300ರಿಂದ 1,600 ಸುತ್ತು, 10 ಮಿ.ಮೀ. ಬಿಟ್ 800ರಿಂದ 950 ಸುತ್ತು ತಿರುಗಿದರೆ ಅಂಚು ಬಾಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ಅದರ ಅರ್ಧಕ್ಕೂ ಕಡಿಮೆ. ಸ್ವಿಚ್ಚನ್ನು ಎಷ್ಟು ಒತ್ತಿದರೆ ಅಷ್ಟು ವೇಗವೆಂಬ ಯಂತ್ರವಾದರೆ ಬೆರಳಿನಲ್ಲೇ ಇದನ್ನು ಹದ ಮಾಡಬಹುದು. ಸೆಂಟರ್ ಪಂಚಿನಿಂದ ಗುಳಿ ಮಾಡಿ, ಒಂದೆರಡು ಹನಿ ಎಣ್ಣೆ ಬಿಟ್ಟು, ದೊಡ್ಡ ತೂತಿಗೆ ಮೊದಲು 3 ಮಿ.ಮೀ. ತೂತು ಹಾಕಿಕೊಳ್ಳಿ. ತೆಳು ತಗಡನ್ನು ಕೈಯಲ್ಲಿ ಹಿಡಿದು ಕೊರೆಯಲೇಬಾರದು. ಬಿಟ್ ಆಚೆ ಹೊಮ್ಮುವ ಗಳಿಗೆಯಲ್ಲಿ ಅಂಚಿಗೆ ಕಚ್ಚಿ, ತಗಡು ಫ್ಯಾನಿನ ರೆಕ್ಕೆಯಂತೆ ತಿರುಗಿ ಬೆರಳುಗಳನ್ನು ಕೊಯ್ಯುತ್ತದೆ. ಅದನ್ನು ಮರದ ಹಲಗೆಯ ಮೇಲಿಟ್ಟು ಎರಡು ಕಡೆ ಕ್ಲಾಂಪಿನಿಂದ ಬಿಗಿಯಬೇಕು. ಮರಕ್ಕೆ ಇಷ್ಟು ಕಟ್ಟುಪಾಡಿಲ್ಲ. ಹಿಂಬದಿಗೆ ಬೇಡದ ಹಲಗೆಯೊಂದನ್ನು ಒತ್ತಿಹಿಡಿದರೆ ತೂತು ಹೊರಬೀಳುವ ಕಡೆ ಸೀಳು ಬಿಡುವುದಿಲ್ಲ.

ಡ್ರಿಲ್ ಕೈಗೆ ಹತ್ತಿದವರು ಮುಂದೆ ಕೊಳ್ಳುವುದು ನಾಲ್ಕು ಇಂಚಿನ ಗ್ರೈಂಡರ್. ಅದನ್ನು ಡ್ರಿಲ್ಲಿನ ತಮ್ಮನೆಂದು ತಿಳಿಯಬೇಡಿ. 100 ಮಿ.ಮೀ. ಡಿಸ್ಕ್ ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡುತ್ತಿರುತ್ತದೆ. ಡಿಸ್ಕಿನ ಮೇಲೆ ಮುದ್ರಿಸಿದ ಗರಿಷ್ಠ ಸುತ್ತು ಯಂತ್ರದ ಸುತ್ತಿಗಿಂತ ಹೆಚ್ಚಿರಬೇಕು, ನಡುವಿನ ಲೋಹದ ಬಳೆಯ ಮೇಲಿರುವ ಅವಧಿ ಮೀರಿರಬಾರದು. ರಕ್ಷಾಕವಚ ಬಿಚ್ಚಿ ದೊಡ್ಡ ಡಿಸ್ಕ್ ಹಾಕುವುದು, ಮರ ಕೊಯ್ಯುವ ಹಲ್ಲಿನ ಬ್ಲೇಡ್ ತೊಡಿಸುವುದು ಇವೆರಡನ್ನೂ ಎಷ್ಟು ಪಳಗಿದವರು ಮಾಡಿ ತೋರಿಸಿದರೂ ನೀವು ಮಾಡಬೇಡಿ.

ಅವಘಡವಾದರೆ

ಯಾರಿಗಾದರೂ ಶಾಕ್ ಹೊಡೆದು ಯಂತ್ರವನ್ನು ಬಿಡಲಾಗದಿದ್ದರೆ ಅವರನ್ನು ಮುಟ್ಟದೆ ಮೊದಲು ಪ್ಲಗ್ ಅಥವಾ ಮೇನ್ ಆರಿಸಬೇಕು. ಅದು ಕೈಗೆ ಸಿಗದಿದ್ದರೆ ಒಣಗಿದ ಮರದ ಕೋಲಿನಿಂದ ಬಿಡಿಸಬೇಕು. 108ಕ್ಕೆ ಅಥವಾ 112ಕ್ಕೆ ಕರೆಮಾಡಿ, ಉಸಿರಾಟ ನಿಂತಿದ್ದರೆ ಎದೆಯ ನಡುವೆ ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತ ನೆರವು ಬರುವವರೆಗೆ ನಿಲ್ಲಿಸಬಾರದು. ಕಣ್ಣಿಗೆ ಲೋಹದ ಚೂರು ಹೊಕ್ಕರೆ ಉಜ್ಜದೆ, ಕೀಳಲು ಹೋಗದೆ, ಕಣ್ಣಿಗೆ ಒತ್ತು ಬೀಳದಂತೆ ಮೇಲೊಂದು ಲೋಟ ಮುಚ್ಚಿ ಕಣ್ಣಾಸ್ಪತ್ರೆಗೆ ಕರೆದೊಯ್ಯಿರಿ. ಬೆರಳು ತುಂಡಾದರೆ ಆ ತುಂಡನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು. ತುಂಡಿಗೆ ಮಂಜು ನೇರವಾಗಿ ತಾಗಬಾರದು.

ಯಂತ್ರವನ್ನು ಕಾಪಾಡುವುದು

ಪ್ರತಿ ಸಲ ಕೆಲಸ ಮುಗಿದ ಮೇಲೆ ಐದು ನಿಮಿಷದ ಕೆಲಸ ಸಾಕು. ಪ್ಲಗ್ ಕಿತ್ತು, ಒಣ ಬ್ರಷ್ಷಿನಿಂದ ಗಾಳಿಯ ಸೀಳುಗಳನ್ನು ಉಜ್ಜಿ, ಮೈಯನ್ನು ಬಟ್ಟೆಯಿಂದ ಒರೆಸಿ, ಚಕ್ಕನ್ನು ಪೂರ್ತಿ ತೆರೆದು ಕೆಳಮುಖವಾಗಿ ತಟ್ಟಿದರೆ ಒಳಗಿನ ಪುಡಿ ಉದುರುತ್ತದೆ. ವೈರನ್ನು ಯಂತ್ರದ ಸುತ್ತ ಬಿಗಿದು ಸುತ್ತಬೇಡಿ. ಹಿಡಿಕೆಯಿಂದ ಹೊರಬರುವ ಕಡೆ ಅದು ಮಡಚಿ ಒಳಗಿನ ಎಳೆಗಳು ತುಂಡಾಗುತ್ತವೆ. ಆ ಜಾಗದಲ್ಲಿ ವೈರನ್ನು ಅಲ್ಲಾಡಿಸಿದಾಗ ಯಂತ್ರ ನಿಂತು ನಿಂತು ಓಡಿದರೆ ಟೇಪು ಸುತ್ತಿ ಸುಮ್ಮನಾಗದೆ ವೈರನ್ನೇ ಬದಲಿಸಬೇಕು. ಮಳೆಗಾಲದಲ್ಲಿ ಮಂಗಳೂರು, ಕಾರವಾರ, ಮಡಿಕೇರಿಯ ಕಡೆಯವರು ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಚೀಲವೊಂದನ್ನು ಹಾಕಿ, ಬಿಟ್‌ಗಳಿಗೆ ತೆಳುವಾಗಿ ಎಣ್ಣೆ ಸವರಿಡುವುದು ಒಳ್ಳೆಯದು. ತೆಂಗಿನೆಣ್ಣೆ ಬೇಡ, ಅದು ದಿನ ಕಳೆದಂತೆ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ತಕ್ಕುದು.

ಮೊಂಡಾದ ಲೋಹದ ಬಿಟ್ಟನ್ನು ಅರೆಗಲ್ಲಿನ ಯಂತ್ರದಲ್ಲಿ ಹರಿತ ಮಾಡಿಕೊಳ್ಳಬಹುದು. ಮೊನೆಯ ಎರಡೂ ಅಂಚುಗಳು ಸಮನಾಗಿ, ಒಟ್ಟು ಕೋನ 118 ಡಿಗ್ರಿ ಬರುವಂತೆ ಹಿಡಿಯಬೇಕು. ಕಾರ್ಬೈಡ್ ತುದಿಯ ಗೋಡೆಯ ಬಿಟ್ ಕಾದು ಹೋಗಿದ್ದಾಗ ನೀರಿಗೆ ಅದ್ದಿದರೆ ಬೆಸುಗೆ ಬಿಡುತ್ತದೆ ಅಥವಾ ತುದಿ ಬಿರಿಯುತ್ತದೆ, ಗಾಳಿಯಲ್ಲೇ ಆರಲು ಬಿಡಿ.

ಬ್ಯಾಟರಿ ಡ್ರಿಲ್ಲಿನ ಮಾತು ಬೇರೆ. 18 ವೋಲ್ಟ್ ಎಂದು ಒಬ್ಬರೂ 20 ವೋಲ್ಟ್ ಎಂದು ಇನ್ನೊಬ್ಬರೂ ಮಾರುವುದು ಸಾಮಾನ್ಯವಾಗಿ ಒಂದೇ ಸಂಗತಿಯನ್ನು: ಎರಡರೊಳಗೂ ಐದು ಲಿಥಿಯಂ ಕೋಶಗಳ ಸಾಲು, ಸರಾಸರಿ ಲೆಕ್ಕದಲ್ಲಿ 18, ತುಂಬಿದ ಗಳಿಗೆಯ ಲೆಕ್ಕದಲ್ಲಿ 20. ಬಹುಕಾಲ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ ತಂಪಾದ ಕಡೆ ಇಡಬೇಕು. ಕೊರೆದು ಬಿಸಿಯಾದ ಬ್ಯಾಟರಿಯನ್ನು ತಕ್ಷಣ ಚಾರ್ಜಿಗೆ ಹಾಕಬಾರದು. ಕಲಬುರಗಿ, ರಾಯಚೂರಿನ ಏಪ್ರಿಲ್–ಮೇ ಬಿಸಿಲಿನಲ್ಲಿ ನಿಂತ ಕಾರಿನೊಳಗೋ ಸ್ಕೂಟರಿನ ಡಿಕ್ಕಿಯಲ್ಲೋ ಅದನ್ನು ಬಿಟ್ಟುಹೋಗಬಾರದು. ಉಬ್ಬಿದ ಬ್ಯಾಟರಿ ಎಷ್ಟೇ ಚೆನ್ನಾಗಿ ಓಡಿದರೂ ಅದರ ಆಯುಷ್ಯ ಮುಗಿದಂತೆ. ಅದನ್ನು ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ, ಕಸದ ಗಾಡಿಗೆ ಹಾಕಬೇಡಿ.

ವರ್ಷಕ್ಕೊಮ್ಮೆ ಮಾಡಬೇಕಾದ ದೊಡ್ಡ ಕೆಲಸ ಕಾರ್ಬನ್ ಬ್ರಷ್ಷಿನದು. ಮೋಟರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಈ ಎರಡು ಇದ್ದಿಲ ತುಂಡುಗಳು ಉಜ್ಜಿ ಉಜ್ಜಿ ಸವೆಯುತ್ತವೆ. ಗಾಳಿಯ ಸೀಳಿನಲ್ಲಿ ಸಣ್ಣ ನೀಲಿ ಕಿಡಿ ಕಾಣುವುದು ಸಹಜ. ಅದು ಹಳದಿ ಉರಿಯ ಬಳೆಯಂತೆ ಸುತ್ತಿಕೊಂಡರೆ, ಯಂತ್ರ ತಡವರಿಸಿದರೆ, ಸುಟ್ಟ ವಾಸನೆ ಬಂದರೆ ಬ್ರಷ್ ನೋಡುವ ಹೊತ್ತಾಯಿತು. ಕೆಲವು ಯಂತ್ರಗಳಲ್ಲಿ ಹೊರಗಿನ ಎರಡು ಮುಚ್ಚಳ ತಿರುಗಿಸಿದರೆ ಅವು ಸಿಗುತ್ತವೆ, ಕೆಲವಲ್ಲಿ ಮೈಯನ್ನೇ ಬಿಚ್ಚಬೇಕು. ತುಂಡು 5–6 ಮಿ.ಮೀ.ಗೆ ಇಳಿದಿದ್ದರೆ ಒಂದೇ ಸವೆದಂತೆ ಕಂಡರೂ ಎರಡನ್ನೂ ಬದಲಿಸಿ, ಹಳೆಯದನ್ನು ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ. ಹೊಸದು ಹಾಕಿದ ಮೇಲೆ ಹೊರೆಯಿಲ್ಲದೆ ಕೆಲವು ನಿಮಿಷ ಓಡಿಸಿದರೆ ಅದರ ಮುಖ ಮೋಟರಿನ ದುಂಡಿಗೆ ಹೊಂದಿಕೊಳ್ಳುತ್ತದೆ.

ಈ ವಾರ್ಷಿಕ ಕೆಲಸಕ್ಕೆ ನಾನು ಇಟ್ಟುಕೊಂಡಿರುವ ದಿನ ಆಯುಧಪೂಜೆಯ ಹಿಂದಿನ ಭಾನುವಾರ. ಪೂಜೆಗೆ ಇಡುವ ಮುನ್ನ ಯಂತ್ರ ಶುಚಿಯಾಗಿರಬೇಕೆಂಬ ನೆವದಲ್ಲಿ ಬ್ರಷ್, ವೈರ್, ಚಕ್, ಬಿಟ್ ಎಲ್ಲವನ್ನೂ ಒಮ್ಮೆ ನೋಡಿದಂತಾಗುತ್ತದೆ. ಪೂಜೆಯ ದಿನ ಪ್ಲಗ್ ಹೊರಗಿರಲಿ. ಅರಿಶಿನ ಕುಂಕುಮವನ್ನು ಹಿಡಿಕೆಯ ಪ್ಲಾಸ್ಟಿಕ್ಕಿಗೆ ಹಚ್ಚಿ, ಗಾಳಿಯ ಸೀಳಿಗೆ ಬೇಡ, ಒಳಗೆ ಹೋದ ಪುಡಿ ಮೋಟರಿಗೆ ಅಂಟುತ್ತದೆ. ನಿಂಬೆಹಣ್ಣಿನ ರಸ ಚಕ್ಕಿನ ಮೇಲೆ ಬಿದ್ದಿದ್ದರೆ ಮಾರನೆಯ ದಿನದವರೆಗೆ ಕಾಯದೆ ಅಂದು ಸಂಜೆಯೇ ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು, ದವಡೆಗಳನ್ನು ನಾಲ್ಕು ಬಾರಿ ತೆರೆದು ಮುಚ್ಚಿ ಪೆಟ್ಟಿಗೆಗೆ ಹಾಕಿ.